ನಾಲ್ಕು ಬಂದವರು, ಇಪ್ಪತ್ತೊಂದು ಬಂದವರು

ಹೋದ ತಿಂಗಳು ಮೈಸೂರಿನ ಕಡೆಯಿಂದ ಒಬ್ಬ ಹೊಸ ಡಾಕ್ಟರು ನಮ್ಮ ಸ್ಕ್ಯಾನ್ ಸೆಂಟರಿಗೆ ಬಂದಿದ್ದರು. ಕೊರೊನಾ ಕಾಲದಲ್ಲಿ ತೆಗೆದ ಎದೆಯ ಸ್ಕ್ಯಾನುಗಳು ಇನ್ನೂ ಇವೆಯೇ ಎಂದು ಕೇಳಿದರು. ಹೆಸರು, ಊರು ಏನೂ ಬೇಡ, ಚಿತ್ರ ಸಾಕು, ಆಮೇಲೆ ಆ ರೋಗಿ ಬದುಕಿದರೋ ಇಲ್ಲವೋ ಎಂದು ಗೊತ್ತಾದರೆ ಸಾಕು ಎಂದರು. ಅವನ್ನೆಲ್ಲ ಕಂಪ್ಯೂಟರಿಗೆ ತೋರಿಸಿ ಕಲಿಸುತ್ತಾರಂತೆ. ಮುಂದೆ ಇಂಥದೇ ಇನ್ನೊಂದು ವೈರಸ್ ಜ್ವರ ಬಂದು ಶ್ವಾಸಕೋಶಕ್ಕೆ ಇಳಿದರೆ, ಮೊದಲ ಚಿತ್ರ ನೋಡಿಯೇ ಯಾರು ಗುಣವಾಗುತ್ತಾರೆ, ಯಾರದು ಕೈ ಮೀರುತ್ತದೆ ಎಂದು ಅದು ಹೇಳಬೇಕಂತೆ.

"ನೀವು ಆಗ ಇಲ್ಲೇ ಇದ್ರಲ್ಲ ಮೇಡಂ. ಮೊದಲನೇ ಸ್ಕ್ಯಾನ್ ನೋಡ್ದಾಗ್ಲೇ ನಿಮ್ಗೆ ಗೊತ್ತಾಗ್ಬಿಡ್ತಿತ್ತಾ?" ಎಂದು ಕೇಳಿದರು.

"ಬಹಳ ಸಲ ಗೊತ್ತಾಗ್ತಿತ್ತು" ಎಂದೆ. ಅದು ನಿಜ. ಅವರು ಟೀ ಕುಡಿದು, ದೊಡ್ಡ ಡಾಕ್ಟರ ಹತ್ತಿರ ಮಾತಾಡುತ್ತೇನೆಂದು ಹೇಳಿ ಹೊರಟರು. ಅವರು ಹೋದ ಮೇಲೆ ಎರಡನೇ ಅಲೆಯ ಆ ಬೇಸಿಗೆ ಪೂರ್ತಿಯಾಗಿ ಬಂದು ನನ್ನ ಮುಂದೆ ಕೂತಿತು.

ನಾನು ಹುಟ್ಟಿದ್ದು ಉಡಿಗಾಲದಲ್ಲಿ. ಸ್ಕ್ಯಾನ್ ತೆಗೆಯುವ ಕೆಲಸ ಕಲಿತು ಚಾಮರಾಜನಗರದ ಈ ಸೆಂಟರಿಗೆ ಸೇರಿ ಕೆಲವು ವರ್ಷವಾಗಿತ್ತು. ಆ ಬೇಸಿಗೆಗೆ ಮೊದಲು ನಮ್ಮಲ್ಲಿಗೆ ಬರುತ್ತಿದ್ದವರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು, ಹೊಟ್ಟೆನೋವಿನವರು, ಕರಿಕಲ್ಲಿನ ಕ್ವಾರಿಯಲ್ಲಿ ಕಾಲು ಮುರಿದುಕೊಂಡವರು. ಯುಗಾದಿ ಕಳೆದದ್ದೇ ತಡ, ಎಲ್ಲರೂ ಎದೆ ಹಿಡಿದುಕೊಂಡು ಬರತೊಡಗಿದರು. ಗಂಟಲಿನ ಪರೀಕ್ಷೆಯ ಫಲಿತಾಂಶ ಬರುವುದು ತಡವಾಗುತ್ತಿತ್ತು, ಸ್ಕ್ಯಾನ್ ಮಾಡಿದರೆ ಅವತ್ತೇ ತಿಳಿಯುತ್ತಿತ್ತು. ಜೋಡಿ ರಸ್ತೆಯ ಅಂಗಡಿಗಳೆಲ್ಲ ಬೆಳಿಗ್ಗೆಯೇ ಬಾಗಿಲು ಹಾಕಿಕೊಂಡ ಮೇಲೆ ಇಡೀ ಬೀದಿಯಲ್ಲಿ ಜನ ಕಾಣುತ್ತಿದ್ದುದು ನಮ್ಮ ಬಾಗಿಲಲ್ಲಿ ಮಾತ್ರ. ದೂರ ದೂರ ಕುರ್ಚಿ ಹಾಕಿದ್ದೆವು. ಕುರ್ಚಿಯಲ್ಲಿ ಕೂರಲಾರದವರು ನೆಲದ ಮೇಲೆ ಟವೆಲ್ ಹಾಸಿ ಮಲಗಿರುತ್ತಿದ್ದರು. ನಾನು ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಬಟ್ಟೆ ಹೊದ್ದು, ಒಬ್ಬೊಬ್ಬರನ್ನೂ ಒಳಗೆ ಕರೆದು, ಕೈ ಮೇಲೆತ್ತಿಸಿ ಮಲಗಿಸಿ, ಚಿತ್ರ ತೆಗೆದು, ಅವರು ಎದ್ದ ಮೇಲೆ ಮೇಜು ಒರೆಸಿ, ಇನ್ನೊಬ್ಬರನ್ನು ಕರೆಯುತ್ತಿದ್ದೆ. ಬೆವರು ಕಾಲುಚೀಲದವರೆಗೆ ಇಳಿಯುತ್ತಿತ್ತು.

ಆರೋಗ್ಯವಾದ ಶ್ವಾಸಕೋಶ ಸ್ಕ್ಯಾನಿನಲ್ಲಿ ಕಪ್ಪಗಿರುತ್ತದೆ, ಒಳಗಿರುವುದು ಗಾಳಿಯಾದ್ದರಿಂದ. ಕಾಯಿಲೆ ಇಳಿದ ಕಡೆಯೆಲ್ಲ ಬೆಳ್ಳಗೆ ಮಂಜು ಕವಿದ ಹಾಗೆ ಕಾಣುತ್ತದೆ. ಶ್ವಾಸಕೋಶದ ಐದು ಭಾಗಗಳಲ್ಲಿ ಒಂದೊಂದರಲ್ಲೂ ಎಷ್ಟು ಮಂಜಿದೆ ಎಂದು ನೋಡಿ, ಒಂದೊಂದಕ್ಕೂ ಹೆಚ್ಚೆಂದರೆ ಐದರಂತೆ ಅಂಕ ಕೊಟ್ಟು, ಕೂಡಿಸಿ, ಇಪ್ಪತ್ತೈದಕ್ಕೆ ಇಷ್ಟು ಎಂದು ಬರೆಯುತ್ತಾರೆ. ನಮ್ಮ ಚಿತ್ರಗಳನ್ನು ಮೈಸೂರಿನಲ್ಲಿ ಕೂತು ನೋಡಿ ರಿಪೋರ್ಟು ಬರೆಯುತ್ತಿದ್ದ ಡಾಕ್ಟರ್ ಮೇಡಂ ಒಬ್ಬರಿದ್ದರು. ಅವರು ಪ್ರತಿ ರಿಪೋರ್ಟಿನ ಕೊನೆಯಲ್ಲೂ, ರೋಗಿಯ ಉಸಿರು, ಆಕ್ಸಿಜನ್, ಜ್ವರ ಬಂದು ಎಷ್ಟು ದಿನವಾಯಿತು ಎಂಬುದನ್ನೆಲ್ಲ ಸೇರಿಸಿ ನೋಡಬೇಕು ಎಂಬರ್ಥದ ಒಂದು ಸಾಲು ಹಾಕುತ್ತಿದ್ದರು. ಆ ಸಾಲನ್ನು ಓದುವವರು ಯಾರೂ ಇರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಅಂಕ.

"ಏಟು ಬಂದದೆ ಮೇಡಂ?" ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ಪುಣಜನೂರಿನಿಂದ ಅಣ್ಣನನ್ನು ಕರೆತಂದಿದ್ದ ಒಬ್ಬನಿಗೆ ಹದಿನೆಂಟು ಎಂದು ಹೇಳಿದಾಗ ಅವನ ಮುಖ ಅರಳಿತು. "ಇಪ್ಪತ್ತೈದಕ್ಕೆ ಹದಿನೆಂಟಾ? ಚೆನ್ನಾಗೇ ಬಂದದಲ್ಲ!" ಎಂದ. ಅಲ್ಲಿದ್ದ ಯಾರೂ ನಗಲಿಲ್ಲ. ಇದರಲ್ಲಿ ಹೆಚ್ಚು ಬಂದಷ್ಟೂ ಕೆಟ್ಟದ್ದು ಎಂದು ನಾನು ಬಿಡಿಸಿ ಹೇಳುವಾಗ ಅವನು ಅಣ್ಣ ಮಲಗಿದ್ದ ಕಡೆ ತಿರುಗಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಾಲ್ಕೈದು ದಿನಕ್ಕೆ ಆ ಅಣ್ಣ ತೀರಿಕೊಂಡ ಸುದ್ದಿ ಬಂತು. ಹೀಗೆ ಒಂದಾದ ಮೇಲೊಂದು. ಕಡಿಮೆ ಬಂದವರು ಮಾತ್ರೆ ನುಂಗಿ ಮನೆಯಲ್ಲೇ ಗುಣವಾದರು, ಹೆಚ್ಚು ಬಂದವರಲ್ಲಿ ಬಹಳ ಜನ ಹೋದರು. ನೋಡುತ್ತ ನೋಡುತ್ತ ನನಗೂ ಅಂಕದ ಮೇಲೆ ನಂಬಿಕೆ ಕೂತಿತು. ರೋಗಿ ಮೇಜಿನಿಂದ ಏಳುವ ಮೊದಲೇ ಪರದೆಯ ಮೇಲೆ ಅವರ ಹಣೆಬರಹ ನೋಡಿಬಿಟ್ಟೆ ಎಂದುಕೊಳ್ಳುತ್ತಿದ್ದೆ.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಗುಂಡ್ಲುಪೇಟೆಯಿಂದ ನಮ್ಮ ಚಿಕ್ಕಪ್ಪನ ತರಕಾರಿ ಗಾಡಿ ಬಂದು ಸೆಂಟರಿನ ಮುಂದೆ ನಿಂತಿತು.

ಚಿಕ್ಕಪ್ಪ ಮಹದೇವಸ್ವಾಮಿ ನಮ್ಮಪ್ಪನ ತಮ್ಮ. ಮದುವೆಯಾದ ಮೇಲೆ ಹೆಂಡತಿಯ ಊರಾದ ಗುಂಡ್ಲುಪೇಟೆಯ ಪಕ್ಕಕ್ಕೇ ಹೋಗಿ ನೆಲೆಸಿದ್ದ. ಒಂದಿಷ್ಟು ಜಮೀನಿತ್ತು, ಚೆಂಡುಹೂವು, ಬೆಳ್ಳುಳ್ಳಿ ಹಾಕುತ್ತಿದ್ದ. ಅದರ ಜೊತೆಗೆ ಟೊಮ್ಯಾಟೊ, ಬೀನ್ಸ್ ತುಂಬಿಕೊಂಡು ಕಾಡು ದಾಟಿ ಸುಲ್ತಾನ್ ಬತ್ತೇರಿಗೆ ಗಾಡಿ ಓಡಿಸುತ್ತಿದ್ದ. ನಾನು ಪಿಯುಸಿ ಓದಿದ್ದು ಅವನ ಮನೆಯಲ್ಲಿದ್ದುಕೊಂಡೇ. ಈ ಕೋರ್ಸಿಗೆ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಸೇರಿಸಿದವನೂ ಅವನೇ. ಕೇರಳದವರ ಜೊತೆ ವ್ಯಾಪಾರ ಮಾಡಿ ಮಾಡಿ ಮಲಯಾಳ ಬಾಯಿಗೆ ಬಂದಿತ್ತು. ನನ್ನನ್ನು ಕಂಡರೆ "ಎಂದಾ ಮೋಳೇ, ಸುಖಮಾಣೋ?" ಎಂದೇ ಶುರು ಮಾಡುತ್ತಿದ್ದ. ಏನು ಮಗಳೇ, ಚೆನ್ನಾಗಿದ್ದೀಯಾ ಎಂದು. ಅವತ್ತೂ ಅದನ್ನೇ ಕೂಗುತ್ತ ಇಳಿದ. ಆದರೆ ಧ್ವನಿ ಒಡೆದಿತ್ತು.

ಗಾಡಿಯ ಹಿಂದೆ ಗೋಣಿಚೀಲಗಳ ಮೇಲೆ ದುಪ್ಪಟಿ ಹಾಸಿ ಚಿಕ್ಕಮ್ಮ ರಾಜಮ್ಮನನ್ನು ಮಲಗಿಸಿದ್ದರು. ಪಕ್ಕದಲ್ಲಿ ಅವರ ಮಗ ಕುಮಾರ ಅವಳ ತಲೆ ಹಿಡಿದು ಕೂತಿದ್ದ. ಅವನು ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವನು.

"ವಾರದ ಮೇಲಾಯ್ತು ಕಣಕ್ಕ ಜ್ವರ ಬಂದು. ಟೈಫಾಯ್ಡು ಅಂತ ಮಾತ್ರೆ ಕೊಟ್ಟಿದ್ರು. ನೆನ್ನೆಯಿಂದ ಉಸ್ರು ಎಳ್ಕಳಕ್ಕೇ ಆಯ್ತಿಲ್ಲ" ಎಂದ.

"ನಿಂಗ್ಯಾವಾಗ್ಲಿಂದ ಚಿಕ್ಕಪ್ಪ? ನಿನ್ ಮೈಯೂ ಸುಡ್ತಾ ಇದೆಯಲ್ಲ."

"ನಂದು ನೆನ್ನೆ ಸಂದೇಲಿ ಒಸಿ ಮೈ ಬಿಸಿ ಆಯ್ತು, ಅಷ್ಟೇಯ. ನಿಮ್ಮ ಚಿಕ್ಕವ್ವುನ್ ನೋಡಮ್ಮಿ ಮೊದ್ಲು."

ಚಿಕ್ಕಮ್ಮನನ್ನು ಎತ್ತಿಕೊಂಡೇ ಮಲಗಿಸಬೇಕಾಯಿತು. ಉಸಿರು ಹಿಡಿದುಕೋ ಎಂದು ಮೈಕಿನಲ್ಲಿ ಹೇಳಿದರೆ ಹಿಡಿಯಲಾಗದೆ ಕೆಮ್ಮಿದಳು. ಚಿತ್ರ ಪರದೆಯ ಮೇಲೆ ಒಂದೊಂದಾಗಿ ಬಿಡಿಸಿಕೊಳ್ಳುತ್ತ ಬಂತು. ಮೇಲೆ ಬಿಳಿ. ನಡುವೆ ಬಿಳಿ. ಕೆಳಗಂತೂ ಕಪ್ಪು ಎನ್ನುವುದೇ ಇಲ್ಲ. ಗಾಜಿನ ಆಚೆ ಮಲಗಿದ್ದವಳು ಎರಡು ವರ್ಷ ದಿನಾ ಬೆಳಿಗ್ಗೆ ನನಗೆ ಬುತ್ತಿ ಕಟ್ಟಿ ಕಳಿಸಿದವಳು. ಅಂಥ ಚಿತ್ರ ಬಂದವರಲ್ಲಿ ಬದುಕಿ ಬಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಚಿಕ್ಕಪ್ಪನದನ್ನೂ ತೆಗೆದುಬಿಡೋಣ ಎಂದು ಕುಮಾರನೇ ಹೇಳಿದ. ಜ್ವರ ಬಂದು ಒಂದು ದಿನವೂ ಆಗಿರಲಿಲ್ಲ. ಆದರೂ ಬಂದಿದ್ದಾನಲ್ಲ ಎಂದು ಮಲಗಿಸಿದೆ. ಅವನು ಎದೆ ತುಂಬ ಗಾಳಿ ಎಳೆದು, ನಾನು ಬಿಡು ಎಂದ ಮೇಲೂ ಬಿಡದೆ, ಆಮೇಲೆ ನಕ್ಕ. ಎರಡೂ ಕಡೆ ಕಪ್ಪಗೆ ತುಂಬಿಕೊಂಡ ಶ್ವಾಸಕೋಶ. ಕೆಳಗೆ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ತೆಳ್ಳಗೆ ಬೆರಳಲ್ಲಿ ತೀಡಿದಂಥ ಗುರುತು.

ಮೈಸೂರಿನ ಮೇಡಂ ಸ್ವಲ್ಪ ಹೊತ್ತಿನಲ್ಲೇ ಫೋನ್ ಮಾಡಿದರು. ಚಿಕ್ಕಮ್ಮನದು ಇಪ್ಪತ್ತೊಂದು, ತಕ್ಷಣ ಆಕ್ಸಿಜನ್ ಇರುವ ಹಾಸಿಗೆ ಸಿಗಬೇಕು. ಚಿಕ್ಕಪ್ಪನದು ನಾಲ್ಕು, ಮನೆಯಲ್ಲೇ ಬೇರೆ ಇರಲಿ, ಆಕ್ಸಿಜನ್ ನೋಡಿಕೊಳ್ಳುತ್ತಿರಲಿ, ಕಡಿಮೆಯಾದರೆ ಕೂಡಲೇ ಬರಲಿ. ಊರಿನ ಡಾಕ್ಟರೂ ಅದನ್ನೇ ಹೇಳಿದರು. ಯಾರು ನೋಡಿದ್ದರೂ ಅದನ್ನೇ ಹೇಳುತ್ತಿದ್ದರು.

ಕುಮಾರನೂ ನಾನೂ ಊರೆಲ್ಲ ಫೋನ್ ಮಾಡಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಸ್ಟ್ರೆಚರ್ ಒಳಗೆ ಹೋಗುವಾಗ ಚಿಕ್ಕಪ್ಪ ಅದರ ಜೊತೆಯೇ ಬಾಗಿಲವರೆಗೆ ಓಡಿದ. ಮುಂದೆ ಬಿಡಲಿಲ್ಲ. "ರಾಜಿ, ಎದ್ರುಕೋಬ್ಯಾಡ, ನಾನು ಇಲ್ಲೇ ಇರ್ತೀನಿ" ಎಂದು ಕೂಗಿದ. ಅವಳಿಗೆ ಕೇಳಿಸಿತೋ ಇಲ್ಲವೋ. ಆಮೇಲೆ ಗಾಡಿಗೆ ಒರಗಿ ಮುಖ ಮುಚ್ಚಿಕೊಂಡು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಿಂಗ್ ಗೊತ್ತಿರ್ತದೆ, ನೀನ್ ಯೋಳು. ಇಪ್ಪತ್ತೊಂದು ಬಂದೋರು ಉಳ್ಕತಾರಾ?" ಎಂದು ಕೇಳಿದ.

"ಉಳ್ಕೋತಾರೆ ಚಿಕ್ಕಪ್ಪ" ಎಂದೆ. ನನ್ನ ಮಾತು ನನಗೇ ಸುಳ್ಳಾಗಿ ಕೇಳಿಸಿತು.

ಮನೆಗೆ ಹೋಗಿ ಬೇರೆ ಇರು, ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಈ ಮಿಷನ್ನನ್ನು ದಿನಕ್ಕೆ ಮೂರು ನಾಲ್ಕು ಸಲ ಹಾಕಿಕೊಂಡು ನನಗೆ ಹೇಳು ಎಂದು ಕೊಟ್ಟು ಕಳಿಸಿದೆ. ಮೊದಲೆರಡು ದಿನ ಹೇಳಿದ, ಚೆನ್ನಾಗಿಯೇ ಇತ್ತು. ಆಮೇಲೆ ನಾನು ಕೇಳಿದರೆ ಬೈಯತೊಡಗಿದ. "ನಂದು ನಾಲ್ಕೇ ಕಣಮ್ಮಿ. ನೀನೇ ತಾನೆ ತೆಗ್ದಿದ್ದು? ನನ್ ಇಚಾರ ಬುಡು, ಅವಳ್ ಇಚಾರ ಯೋಳು. ಮಿಷನ್ನ ಪಕ್ಕದ್ ಮನೇವ್ರು ಕೇಳುದ್ರು, ಕೊಟ್ಬುಟ್ಟೆ, ಅವ್ರ ಹೈದ್ನಿಗೆ ಬಾಳ ಜ್ವರ." ಕುಮಾರನಿಗೆ ಹೇಳಿ ಅದನ್ನು ವಾಪಸ್ ತರಿಸಿದೆ. ಚಿಕ್ಕಪ್ಪ ಹಾಕಿಕೊಳ್ಳುತ್ತಿದ್ದನೋ ಇಲ್ಲವೋ. ಜ್ವರ ಇಳಿದಿದೆ, ಊಟ ಮಾಡುತ್ತಿದ್ದಾನೆ, ಒಂದು ಹದ ಮಳೆ ಬಿದ್ದದ್ದರಿಂದ ಹೊಲದ ಬದುವಿನಲ್ಲಿ ದೂರ ನಿಂತು ಟ್ರ್ಯಾಕ್ಟರಿನವನಿಗೆ ಕೂಗಿ ಹೇಳಿ ಉಳುಮೆ ಮಾಡಿಸುತ್ತಿದ್ದಾನೆ ಎಂದು ಕುಮಾರ ಹೇಳಿದ. ಕೇಳಿ ನನಗೆ ಸಮಾಧಾನವೇ ಆಯಿತು.

ಇತ್ತ ಚಿಕ್ಕಮ್ಮನನ್ನು ಬೋರಲು ಮಲಗಿಸಿ, ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ ಆಕ್ಸಿಜನ್ ಕೊಡುತ್ತಿದ್ದರು. ಅವಳಿಗೆ ಇಪ್ಪತ್ತೊಂದು ಬಂದಿದೆ ಎಂಬ ಸುದ್ದಿ ನೆಂಟರಿಗೆಲ್ಲ ಮುಟ್ಟಿತ್ತು. ಎಲ್ಲರೂ ಅವಳನ್ನು ಆಗಲೇ ಕಳೆದುಕೊಂಡವರ ಹಾಗೆ ಮಾತಾಡುತ್ತಿದ್ದರು. "ಎಂಥ ಹೆಂಗ್ಸು ಕಣವ್ವ" ಎಂದು ಉಡಿಗಾಲದಿಂದ ನಮ್ಮವ್ವ ಫೋನಿನಲ್ಲಿ ಅಳುತ್ತಿದ್ದಳು. ನನ್ನ ಫೋನ್ ಹೊಡೆದುಕೊಂಡಾಗಲೆಲ್ಲ, ಇದೇ ಆ ಕರೆ ಎಂದುಕೊಂಡು ಎತ್ತುತ್ತಿದ್ದೆ.

ಆ ಕರೆ ಬಂದದ್ದು ಬೆಳಿಗ್ಗೆ, ನಾನಿನ್ನೂ ಸೆಂಟರಿನ ಬೀಗ ತೆಗೆಯುತ್ತಿದ್ದಾಗ. ಕುಮಾರನ ನಂಬರು. ಆ ಕಡೆ ಅವನು ಬಿಕ್ಕುತ್ತಿದ್ದದ್ದು ಕೇಳಿದ ಕೂಡಲೇ ನನಗೂ ಅಳು ಬಂತು.

"ಆಸ್ಪತ್ರೆಯವ್ರು ಫೋನ್ ಮಾಡಿದ್ರಾ ಕುಮಾರ? ಎಷ್ಟೊತ್ನಲ್ಲಿ ಹೋದ್ರು ಚಿಕ್ಕವ್ವ?"

"ಅವ್ವ ಅಲ್ಲ ಕಣಕ್ಕ" ಎಂದ. "ಅಪ್ಪ. ಅಪ್ಪ ಓಗ್ಬುಡ್ತು."

ನನಗೆ ಅರ್ಥವಾಗಲಿಲ್ಲ. "ಯಾವಪ್ಪ?" ಎಂದು ಕೇಳಿದೆನಂತೆ. ಅದನ್ನು ಅವನೇ ಆಮೇಲೆ ಹೇಳಿದ್ದು. ಬೀಗದ ಕೈ ಬಾಗಿಲಲ್ಲೇ ನೇತಾಡುತ್ತಿತ್ತು, ನಾನು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಸ್ಕ್ಯಾನಿಗೆಂದು ಬಂದಿದ್ದವರು ಸುತ್ತ ದೂರ ನಿಂತು ನೋಡುತ್ತಿದ್ದರು.

ಹಿಂದಿನ ಸಂಜೆ ಚಿಕ್ಕಪ್ಪ ಸುಸ್ತು ಎಂದು ಬೇಗ ಮಲಗಿದ್ದ. ಬೆಳಿಗ್ಗೆ ಕುಮಾರ ಬಾಗಿಲ ಹೊರಗೆ ಕಾಫಿ ಇಟ್ಟು ಕೂಗಿದರೆ ಎದ್ದು ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತು ಏದುಸಿರು ಬಿಡುತ್ತಿದ್ದ, ತುಟಿ ಕಪ್ಪಾಗಿತ್ತು. ಮಾತಾಡಿದನಂತೆ. "ಯಾನೂ ಇಲ್ಲ ಕಣ್ಲಾ, ಒಸಿ ನೀರ್ ಕೊಡು" ಎಂದನಂತೆ. ಅದೇ ಗಾಡಿಯಲ್ಲಿ ಹಾಕಿಕೊಂಡು ಕುಮಾರ ಚಾಮರಾಜನಗರದ ಕಡೆ ಹೊರಟ. ತೆರಕಣಾಂಬಿ ದಾಟುವ ಹೊತ್ತಿಗೆ ಹಿಂದಿನಿಂದ ಕೆಮ್ಮು ಕೇಳಿಸದಾಯಿತು. ನಿಲ್ಲಿಸಿ ನೋಡಿದ. ಅಷ್ಟೇ.

ಅವನ ಹೊಲದಲ್ಲೇ ಮಣ್ಣು ಮಾಡಿದೆವು. ಪ್ಲಾಸ್ಟಿಕ್ ಬಟ್ಟೆ ತೊಟ್ಟ ನಾಲ್ವರು, ದೂರದಲ್ಲಿ ಕುಮಾರ, ಇನ್ನೂ ದೂರದಲ್ಲಿ ನಾನು. ಅವನು ಬದುವಿನಲ್ಲಿ ನಿಂತು ಉಳುಮೆ ಮಾಡಿಸಿದ್ದ ಹೊಲ ಕೆಂಪಗೆ ಹಸಿಯಾಗಿತ್ತು. ನನ್ನ ತಲೆಯೊಳಗೆ ನಾಲ್ಕು, ನಾಲ್ಕು ಎನ್ನುವುದು ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲೋ ಅದಲುಬದಲಾಗಿದೆ, ಇಬ್ಬರ ಚಿತ್ರಕ್ಕೂ ಹೆಸರು ಆ ಕಡೆ ಈ ಕಡೆ ಆಗಿದೆ ಎಂದುಕೊಂಡೆ. ಆದರೆ ಮಲಗಿಸಿದವಳು ನಾನು, ಹೆಸರು ಹಾಕಿದವಳು ನಾನು, ಗಾಜಿನ ಈಚೆ ನಿಂತು ಕಣ್ಣಾರೆ ನೋಡಿದವಳೂ ನಾನೇ.

ಮೈಸೂರಿನ ಮೇಡಂಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು, ಚಿತ್ರ ಮತ್ತೆ ನೋಡಿ ಫೋನ್ ಮಾಡುತ್ತೇನೆ ಎಂದು ಇಟ್ಟರು. ಸಂಜೆ ತಾವಾಗಿ ಮಾಡಿದರು.

"ಮೂರು ಸಲ ನೋಡಿದೆ ಭಾಗ್ಯ. ಇನ್ನೊಬ್ಬ ಡಾಕ್ಟರಿಗೂ ಏನಾಯ್ತು ಅಂತ ಹೇಳದೆ ತೋರಿಸಿದೆ, ಅವರೂ ನಾಲ್ಕು ಅಂದ್ರು. ಇವತ್ತು ಅದೇ ಚಿತ್ರ ಬಂದ್ರೂ ನಾನು ನಾಲ್ಕು ಅಂತಲೇ ಬರೀತೀನಿ."

"ಮತ್ತೆ ಹೇಗೆ ಮೇಡಂ?"

"ಜ್ವರ ಬಂದ ಮಾರನೇ ದಿನಾನೇ ತೆಗೆದದ್ದು. ಆಗಿನ್ನೂ ಕಾಯಿಲೆ ಒಳಗೆ ಇಳೀತಾ ಇತ್ತು. ಐದಾರು ದಿನ ಬಿಟ್ಟು ತೆಗೆದಿದ್ರೆ ಏನು ಕಾಣ್ತಿತ್ತೋ. ಇಲ್ಲಾ, ರಕ್ತ ಹೆಪ್ಪುಗಟ್ಟಿ ಹೀಗಾಯ್ತೋ. ಇನ್ನು ಅದು ಗೊತ್ತಾಗಲ್ಲ. ಚಿತ್ರ ತೋರಿಸಿದ್ದು ಆ ದಿನದ್ದನ್ನ ಮಾತ್ರ ಕಣಮ್ಮ. ನಾವೆಲ್ಲ ಅದರಲ್ಲಿ ಮುಂದಿನದನ್ನೂ ಓದಿಬಿಟ್ವಿ."

ಮಾರನೆಯ ದಿನ ಕೆಲಸಕ್ಕೆ ಹೋದೆ. ಹೋಗದೆ ವಿಧಿಯಿರಲಿಲ್ಲ, ಬಾಗಿಲಲ್ಲಿ ಜನ ಕೂತಿದ್ದರು. ಯಾರಿಗೋ ಐದು ಬಂತು. ಅವರ ಮಗಳು ನನ್ನ ಕೈ ಹಿಡಿದುಕೊಂಡು "ಸದ್ಯ, ಗೆದ್ಬುಟ್ರು ನಮ್ಮಪ್ಪ" ಎಂದಳು. ಮಿಷನ್ ಹಾಕಿ ಆಕ್ಸಿಜನ್ ನೋಡುತ್ತಿರಿ, ಒಂದು ಹೊತ್ತೂ ತಪ್ಪಿಸಬೇಡಿ ಎಂದು ನಾನು ಹೇಳಿದ್ದು ಜಗಳವಾಡಿದ ಹಾಗಿತ್ತಂತೆ. ಆ ಹುಡುಗಿ ಹೆದರಿ ಕೈ ಬಿಟ್ಟಳು. ಅಂದಿನಿಂದ ಕಡಿಮೆ ಬಂದವರ ಮನೆಗೆಲ್ಲ ನಾನೇ ಫೋನ್ ಮಾಡಿ ವಿಚಾರಿಸತೊಡಗಿದೆ. ಒಬ್ಬಿಬ್ಬರನ್ನು ಸಮಯಕ್ಕೆ ಆಸ್ಪತ್ರೆಗೆ ಸೇರಿಸಿದ್ದೂ ಆಯಿತು.

ಚಿಕ್ಕಮ್ಮ ಮಾತ್ರ ಸಾಯಲಿಲ್ಲ. ಮೊದಲು ಮಾಸ್ಕ್ ಸಡಿಲವಾಯಿತು, ಆಮೇಲೆ ಮೂಗಿಗೆ ಬರೀ ನಳಿಕೆ ಸಾಕಾಯಿತು. ವಾರ್ಡಿನ ಡಾಕ್ಟರಿಗೇ ಆಶ್ಚರ್ಯ. ಗಂಡನ ವಿಷಯ ಈಗಲೇ ಹೇಳಬೇಡಿ, ಇನ್ನೂ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದಿದ್ದರು. ನಾನು ಹೇಗೂ ಆ ಪ್ಲಾಸ್ಟಿಕ್ ಬಟ್ಟೆಯಲ್ಲೇ ಇರುವವಳೆಂದು ಕೆಲವು ನಿಮಿಷ ಒಳಗೆ ಬಿಡುತ್ತಿದ್ದರು. ಹೋದಾಗಲೆಲ್ಲ ಅವಳದು ಒಂದೇ ಮಾತು.

"ನಿಮ್ಮ ಚಿಕ್ಕಪ್ಪ ಫೋನ್ ಎತ್ತಕ್ಕಿಲ್ವಲ್ಲ ಕಣಮ್ಮಿ."

"ಗಂಟ್ಲು ಕಟ್ಟಿದೆ ಚಿಕ್ಕವ್ವ, ಮಾತಾಡಕ್ಕಾಗಲ್ಲ."

"ಉಸಾರಾಗವ್ರಾ? ಉಣ್ತಾವ್ರಾ?"

"ಊಂ."

ಮುಖಕ್ಕೆ ಅಷ್ಟೆಲ್ಲ ಕಟ್ಟಿಕೊಂಡಿದ್ದರಿಂದ ಬಚಾವಾದೆ. ಕಣ್ಣು ಮಾತ್ರ ಬೇರೆ ಕಡೆ ತಿರುಗಿಸಿಕೊಂಡರೆ ಸಾಕಾಗುತ್ತಿತ್ತು.

ಅವಳನ್ನು ಮನೆಗೆ ಕಳಿಸಿದ ದಿನ ಕುಮಾರ ತಲೆ ಬೋಳಿಸಿಕೊಂಡೇ ಬಂದಿದ್ದ. ಟೋಪಿ ಹಾಕಿಕೊಂಡಿದ್ದ. ಅವಳು ಆಸ್ಪತ್ರೆಯ ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮಗನನ್ನು ನೋಡಿದಳು. ಕೈ ಚಾಚಿ ಟೋಪಿ ತೆಗೆದಳು. ನಾವು ಏನೂ ಹೇಳಬೇಕಾಗಲಿಲ್ಲ.

ಅವಳು ಅಳಲಿಲ್ಲ. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೂ ಅವನನ್ನೂ ಮತ್ತೆ ಮತ್ತೆ ನೋಡಿದಳು. ಲೆಕ್ಕ ಎಲ್ಲೋ ತಪ್ಪಿದೆ, ಇವರು ಸರಿಮಾಡುತ್ತಾರೆ ಎನ್ನುವ ಹಾಗೆ.

"ಅಲ್ಲ ಕಣಮ್ಮಿ" ಎಂದಳು. "ನಂಗಲ್ವಾ ಜಾಸ್ತಿ ಬಂದಿದ್ದು? ಸಾಯೋಳು ನಾನಲ್ವಾ?"

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿಯಿತು. ಕುಮಾರ ಫ್ಯಾಕ್ಟರಿಗೆ ರಜೆ ಹಾಕಿ ಅಪ್ಪ ಉಳುಮೆ ಮಾಡಿಸಿದ್ದ ಹೊಲದಲ್ಲಿ ಚೆಂಡುಹೂವು ಹಾಕಿದ. ಚಿಕ್ಕಮ್ಮ ನಾಲ್ಕು ಹೆಜ್ಜೆ ನಡೆದರೆ ಕೂತು ಸುಧಾರಿಸಿಕೊಳ್ಳಬೇಕಿತ್ತು. ಹೂವು ಕೀಳುವ ಕಾಲದ ಹೊತ್ತಿಗೆ ಬದುವಿನವರೆಗೆ ಹೋಗಿ ಬರುವಷ್ಟಾದಳು. ಆಗ ಡಾಕ್ಟರು, ಒಳಗೆ ಎಷ್ಟು ಮಾಯ್ದಿದೆ ನೋಡೋಣ, ಇನ್ನೊಂದು ಸ್ಕ್ಯಾನ್ ತೆಗೆಸಿ ಎಂದರು.

ಸೆಂಟರಿನಲ್ಲಿ ಆಗ ಮೊದಲಿನ ಗಲಾಟೆ ಇರಲಿಲ್ಲ. ಚಿಕ್ಕಮ್ಮನದು ಬಹಳ ಮಟ್ಟಿಗೆ ಕಪ್ಪಾಗಿತ್ತು. ಗಾಯ ಮಾಯ್ದ ಮೇಲೆ ಉಳಿಯುವ ಗೆರೆಗಳ ಹಾಗೆ ಅಲ್ಲಲ್ಲಿ ಬಿಳಿಯ ಎಳೆಗಳಿದ್ದವು. ಚೆನ್ನಾಗಿದೆ ಚಿಕ್ಕವ್ವ ಎಂದೆ. ಅವಳು ಸೀರೆ ಸರಿಮಾಡಿಕೊಂಡು ಈಚೆ ಬಂದವಳು ಹೊರಗೆ ಹೋಗದೆ ನನ್ನ ಕುರ್ಚಿಯ ಪಕ್ಕ ನಿಂತಳು.

"ನಿಮ್ಮ ಚಿಕ್ಕಪ್ಪಂದು ಇದ್ರಲ್ಲಿ ಇನ್ನೂ ಅದೆಯಾ?"

ಇದೆ ಎಂದೆ.

"ತೋರ್ಸು."

ಹುಡುಕಿ ತೆಗೆದೆ. ನಾನೂ ಅದನ್ನು ಆಮೇಲೆ ತೆರೆದಿರಲಿಲ್ಲ. ಅವಳು ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು.

"ಗುಂಡಿಗೆ ಯಾವುದು?"

ತೋರಿಸಿದೆ.

"ಎಡಕ್ಕಲ್ವಾ ಇರೋದು? ಇದು ಬಲಕ್ಕದಲ್ಲ."

"ಅವ್ರು ನಮ್ಮ ಎದುರ್ಗೆ ಇದ್ದಂಗೆ ಕಾಣ್ತದೆ ಚಿಕ್ಕವ್ವ. ಅದ್ಕೇ ನಮ್ಗೆ ಬಲಕ್ಕೆ."

"ಎದುರ್ಗಾ?" ಎಂದಳು. ಅಂಗೈಯನ್ನು ಪರದೆಯ ಮೇಲೆ, ಆ ಕಪ್ಪಿನ ಮೇಲೆ ಇಟ್ಟಳು. ಚೆಂಡುಹೂವು ಬಿಡಿಸಿ ಬಿಡಿಸಿ ಉಗುರೆಲ್ಲ ಹಸಿರುಗಟ್ಟಿತ್ತು.

"ಇಲ್ಲಿ ಯಾನೂ ಇಲ್ವಲ್ಲ ಕಣಮ್ಮಿ" ಎಂದಳು.

"ಯಾನೂ ಇರ್ನಿಲ್ಲ ಚಿಕ್ಕವ್ವ."

ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದರು. ಅವಳು ತಾನಾಗಿ ಕೈ ತೆಗೆಯುವವರೆಗೂ ನಾನು ಪರದೆ ಆರಿಸಲಿಲ್ಲ.